ಆಂಡೀಸ್ ಬೆಟ್ಟಗಳಲ್ಲಿ ಶುಭಸಂದೇಶ: ಕೆಚುವಾ ಜನರ ನಡುವೆ ಧರ್ಮಸಭೆ

ಒಂದು ದೇವಾಲಯಕ್ಕೆ ನೂರು ವರ್ಷ ತುಂಬಿದಾಗ ಅದನ್ನು ಕಟ್ಟಿದ ಗುರುಗಳನ್ನೂ ಕಲ್ಲು ಹೊತ್ತ ಹಿರಿಯರನ್ನೂ ಸ್ಮರಿಸುವುದು ನಮ್ಮ ವಾಡಿಕೆ. ಅದು ಉಚಿತವೂ ಹೌದು. ಆದರೆ ಗೋಡೆಗಳು ಏಳುವುದಕ್ಕೆ ಮೊದಲು ಇನ್ನೊಂದು ಕಾರ್ಯ ನಡೆದಿರಬೇಕು. ಪರದೇಶದಿಂದ ಬಂದ ಗುರುವು ಊರಿನ ಜನರ ನುಡಿಯನ್ನು ಕಲಿತು, ಆ ನುಡಿಯಲ್ಲಿ ದೇವರ ಹೆಸರನ್ನು ಉಚ್ಚರಿಸಿರಬೇಕು. ಕೇಳಿದವರು ಅದು ತಮಗಾಗಿ ಆಡಿದ ಮಾತೆಂದು ನಂಬಿರಬೇಕು. ಶುಭಸಂದೇಶವು ಒಂದು ಜನಕ್ಕೆ ಸ್ವಂತದ್ದಾಗುವುದು ಹೇಗೆ, ಎಷ್ಟು ಕಾಲದಲ್ಲಿ, ಯಾವ ತಪ್ಪುಗಳನ್ನು ದಾಟಿ, ಎಂಬ ಪ್ರಶ್ನೆ ಶತಮಾನೋತ್ಸವದ ಸಮಯದಲ್ಲಿ ಯಾವ ಧರ್ಮಕೇಂದ್ರಕ್ಕೂ ಅಪ್ರಸ್ತುತವಲ್ಲ. ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ನಾವು ವಾಚಕರನ್ನು ಬಹುದೂರದ ಒಂದು ನಾಡಿಗೆ, ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಿಗೆ ಕರೆದೊಯ್ಯಬಯಸುತ್ತೇವೆ.

ನಾಡು ಮತ್ತು ಜನ

ಪೆರು, ಬೊಲಿವಿಯಾ, ಇಕ್ವೆಡಾರ್ ದೇಶಗಳ ಉದ್ದಕ್ಕೂ ಹಬ್ಬಿರುವ ಈ ಪರ್ವತಶ್ರೇಣಿಯ ಕಣಿವೆಗಳಲ್ಲಿಯೂ ಎತ್ತರದ ಹುಲ್ಲುಗಾವಲುಗಳಲ್ಲಿಯೂ ಕೆಚುವಾ ಜನರು ವಾಸಿಸುತ್ತಾರೆ. ತಮ್ಮ ಭಾಷೆಯನ್ನು ಅವರು ‘ರೂನಾ ಸಿಮಿ’ ಎಂದು ಕರೆಯುತ್ತಾರೆ. ಮನುಷ್ಯರ ಮಾತು ಎಂದು ಅದರ ಅರ್ಥ. ಕುಸ್ಕೊ ನಗರವನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದ ಇಂಕಾ ಅರಸರು ಈ ಭಾಷೆಯನ್ನು ತಮ್ಮ ಆಡಳಿತದ ನುಡಿಯಾಗಿ ಬಳಸಿದರು. ಇಂದಿಗೂ ಈ ಮೂರು ದೇಶಗಳಲ್ಲಿಯೂ ನೆರೆಯ ನಾಡುಗಳಲ್ಲಿಯೂ ಲಕ್ಷಾಂತರ ಜನ ಅದನ್ನಾಡುತ್ತಾರೆ. ಪೆರು ದೇಶವೊಂದರಲ್ಲಿಯೇ 2017ರ ಜನಗಣತಿಯಲ್ಲಿ 37 ಲಕ್ಷಕ್ಕೂ ಮಿಕ್ಕಿದ ಜನ ಕೆಚುವಾ ತಮ್ಮ ತಾಯ್ನುಡಿ ಎಂದು ಬರೆಯಿಸಿದ್ದಾರೆ.

ಅವರ ಬದುಕು ಬೆಟ್ಟದ ಏರಿಳಿತಗಳಿಗೆ ಹೊಂದಿಕೊಂಡದ್ದು. ಕೆಳಗಿನ ಕಣಿವೆಯಲ್ಲಿ ಮುಸುಕಿನ ಜೋಳ, ಅದಕ್ಕಿಂತ ಮೇಲೆ ಆಲೂಗೆಡ್ಡೆ, ಇನ್ನೂ ಮೇಲಿನ ಹುಲ್ಲುಗಾವಲಿನಲ್ಲಿ ಒಂಟೆಯ ಜಾತಿಗೆ ಸೇರಿದ ಲಾಮಾ, ಅಲ್ಪಾಕಾ ಎಂಬ ಪ್ರಾಣಿಗಳ ಹಿಂಡು. ಹೀಗೆ ಒಂದೇ ಕುಟುಂಬ ವರ್ಷದಲ್ಲಿ ಹಲವು ಎತ್ತರಗಳಲ್ಲಿ ದುಡಿಯುತ್ತದೆ. ಜೂನ್ ತಿಂಗಳ ಕೊರೆಯುವ ರಾತ್ರಿಗಳಲ್ಲಿ ಆಲೂಗೆಡ್ಡೆಯನ್ನು ಹಿಮಕ್ಕೊಡ್ಡಿ, ಹಗಲಿನಲ್ಲಿ ತುಳಿದು ನೀರು ಹಿಂಡಿ, ಬಿಸಿಲಿನಲ್ಲಿ ಒಣಗಿಸಿ ವರ್ಷಗಟ್ಟಲೆ ಕೆಡದ ಆಹಾರವನ್ನಾಗಿ ಮಾಡಿಟ್ಟುಕೊಳ್ಳುವ ಕಲೆ ಅವರಿಗೆ ಇಂಕಾ ಅರಸರಿಗಿಂತಲೂ ಹಿಂದಿನಿಂದ ಬಂದದ್ದು.

ಇಂತಹ ಜನರ ಬಳಿಗೆ ಕ್ರೈಸ್ತಧರ್ಮ ಬಂದ ಬಗೆ ಸಂತೋಷಪಡುವಂತಹದಲ್ಲ. 1532ರ ನವೆಂಬರ್ 16ರಂದು ಕಾಹಾಮಾರ್ಕಾ ಪಟ್ಟಣದ ಚೌಕದಲ್ಲಿ ದೊಮಿನಿಕ್ ಸಭೆಯ ವಿಸೆಂತೆ ದೆ ವಾಲ್ವೆರ್ದೆ ಎಂಬ ಗುರುವು ಇಂಕಾ ದೊರೆ ಅತಾವಾಲ್ಪನ ಮುಂದೆ ನಿಂತು, ದುಭಾಷಿಯೊಬ್ಬನ ಮೂಲಕ ಕ್ರೈಸ್ತ ವಿಶ್ವಾಸವನ್ನು ವಿವರಿಸಿ ಗ್ರಂಥವೊಂದನ್ನು ಅವನ ಕೈಗಿತ್ತನು. ದೊರೆ ಅದನ್ನು ನೆಲಕ್ಕೆಸೆದನು. ಮರುಕ್ಷಣವೇ ಪಿಸಾರೊವಿನ ಸೈನಿಕರು ನುಗ್ಗಿ ಹತ್ಯಾಕಾಂಡ ನಡೆಸಿದರು. ಮುಂದಿನ ವರ್ಷ ಅತಾವಾಲ್ಪನಿಗೆ ಜ್ಞಾನಸ್ನಾನ ನೀಡಿ, ಅನಂತರ ಕತ್ತು ಬಿಗಿದು ಕೊಂದರು. ಯಾರೂ ಅರಿಯದ ಭಾಷೆಯಲ್ಲಿ, ಖಡ್ಗದ ನೆರಳಿನಲ್ಲಿ ಮೊದಲು ಕೇಳಿಬಂದ ಮಾತು ಶುಭಸಂದೇಶವೆಂದು ಆ ಜನರಿಗೆ ಅನ್ನಿಸಿರಲು ಸಾಧ್ಯವಿಲ್ಲ. ಮುಂದೆ ಬಂದ ಸಜ್ಜನ ಗುರುಗಳೆಲ್ಲರೂ ಈ ಆರಂಭದ ಭಾರವನ್ನು ಹೊರಬೇಕಾಯಿತು.

ಭಾಷೆಯನ್ನು ಕಲಿತವರು

ಆ ಭಾರವನ್ನು ಮೊದಲು ಅರಿತವರಲ್ಲಿ ದೊಮಿನಿಕ್ ಸಭೆಯವರೇ ಆದ ದೊಮಿಂಗೊ ದೆ ಸಾಂತೊ ತೊಮಾಸ್ ಪ್ರಮುಖರು. 1540ರಲ್ಲಿ ಪೆರುವಿಗೆ ಬಂದ ಇವರು ಊರೂರು ಅಲೆದು ಕೆಚುವಾ ಕಲಿತರು. 1560ರಲ್ಲಿ ಸ್ಪೇನಿನ ವಾಯ್ಯದೊಲಿದ್ ನಗರದಲ್ಲಿ ಆ ಭಾಷೆಯ ಮೊಟ್ಟಮೊದಲ ವ್ಯಾಕರಣವನ್ನೂ ಶಬ್ದಕೋಶವನ್ನೂ ಅಚ್ಚು ಹಾಕಿಸಿದರು. ಬರವಣಿಗೆಯೇ ಇಲ್ಲದಿದ್ದ ಭಾಷೆಯೊಂದು ಲತೀನಿನಂತೆಯೇ ಕ್ರಮಬದ್ಧವೂ ಸಂಪನ್ನವೂ ಆದುದೆಂದು ತೋರಿಸಿಕೊಡುವುದು ಅವರ ಉದ್ದೇಶವಾಗಿತ್ತು. ಇಂತಹ ಭಾಷೆಯನ್ನಾಡುವವರನ್ನು ಅನಾಗರಿಕರೆನ್ನಲು ಬರುವುದಿಲ್ಲವೆಂಬ ವಾದವೂ ಅದರಲ್ಲಿ ಅಡಗಿತ್ತು.

ಇದೇ ಗುರುಗಳು 1550ರಲ್ಲಿಯೇ ಸ್ಪೇನಿನ ಆಡಳಿತ ಮಂಡಲಿಗೆ ಪತ್ರ ಬರೆದು, ಪೊತೊಸಿಯ ಬೆಳ್ಳಿಯ ಗಣಿಯನ್ನು ಜನರನ್ನು ನುಂಗುವ ನರಕದ ಬಾಯಿಗೆ ಹೋಲಿಸಿದ್ದರು. ಜನರನ್ನು ಒಡೆಯರ ವಶಕ್ಕೆ ಶಾಶ್ವತವಾಗಿ ಒಪ್ಪಿಸುವ ಯೋಜನೆಯನ್ನು ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಅವರೊಡನೆ ಸೇರಿ ವಿರೋಧಿಸಿದರು. ಜನರ ಮಾತನ್ನು ಕಲಿತವನಿಗೆ ಅವರ ನೋವೂ ಕೇಳಿಸುತ್ತದೆ ಎಂಬುದಕ್ಕೆ ಇವರ ಜೀವನ ಒಳ್ಳೆಯ ನಿದರ್ಶನ.

1581ರಲ್ಲಿ ತೊರಿಬಿಯೊ ದೆ ಮೊಗ್ರೊವೆಹೊ ಲಿಮಾದ ಮಹಾಧರ್ಮಾಧ್ಯಕ್ಷರಾಗಿ ಬಂದರು. ಈ ಪದವಿಗೆ ಆಯ್ಕೆಯಾಗುವಾಗ ಅವರಿನ್ನೂ ಗುರುಪಟ್ಟ ಪಡೆಯದ ನ್ಯಾಯಶಾಸ್ತ್ರಜ್ಞರು. ಬಂದ ಮರುವರ್ಷವೇ, 1582ರ ಆಗಸ್ಟ್ 15ರಂದು, ಅವರು ಲಿಮಾದ ಮೂರನೆಯ ಪ್ರಾಂತೀಯ ಧರ್ಮಸಭಾ ಸಮ್ಮೇಳನವನ್ನು ತೆರೆದರು. ಅದು 1583ರವರೆಗೆ ನಡೆಯಿತು. ಜನರಿಗೆ ಧರ್ಮವನ್ನು ಅವರವರ ಭಾಷೆಯಲ್ಲಿಯೇ ಬೋಧಿಸತಕ್ಕದ್ದು, ಲತೀನಿನ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡೆಂದು ಯಾರನ್ನೂ ಬಲವಂತಪಡಿಸಬಾರದು ಎಂಬುದು ಅದರ ಮುಖ್ಯ ನಿರ್ಣಯಗಳಲ್ಲೊಂದು. ಬಡವರ ನಡುವೆ ಸೇವೆಗಿರುವ ಗುರುಗಳು ವ್ಯಾಪಾರದಲ್ಲಿ ತೊಡಗಬಾರದೆಂದೂ ಅದು ಕಟ್ಟುನಿಟ್ಟಾಗಿ ವಿಧಿಸಿತು. ಇದರಿಂದ ಅಸಮಾಧಾನಗೊಂಡ ಗುರುವರ್ಗದವರು ಮೇಲ್ಮನವಿ ಸಲ್ಲಿಸಿದ್ದೂ, ಯೇಸುಸಭೆಯ ಹೊಸೆ ದೆ ಅಕೊಸ್ತಾ ಯುರೋಪಿಗೆ ಹೋಗಿ ಸಮ್ಮೇಳನದ ಪರವಾಗಿ ವಾದಿಸಿದ್ದೂ, 1588ರಲ್ಲಿ ರೋಮ್ ಅದನ್ನು ಅನುಮೋದಿಸಿದ್ದೂ ಚರಿತ್ರೆಯಲ್ಲಿ ದಾಖಲಾಗಿವೆ.

ಸಮ್ಮೇಳನದ ಫಲವಾಗಿ 1584ರಲ್ಲಿ ಸ್ಪ್ಯಾನಿಷ್, ಕೆಚುವಾ, ಐಮಾರಾ ಎಂಬ ಮೂರು ಭಾಷೆಗಳ ಜ್ಞಾನೋಪದೇಶ ಗ್ರಂಥ ಲಿಮಾದಲ್ಲಿ ಅಚ್ಚಾಯಿತು. ಮುಂದಿನ ವರ್ಷ ಪಾಪನಿವೇದನೆಯ ಕೈಪಿಡಿಯೂ ಪ್ರಬೋಧನೆಗಳ ಸಂಗ್ರಹವೂ ಹೊರಬಂದವು. ಮುದ್ರಕ ಇಟಲಿಯ ತೂರಿನ್ ನಗರದಿಂದ ಮೆಕ್ಸಿಕೊ ಮಾರ್ಗವಾಗಿ ಬಂದಿದ್ದ ಅಂತೋನಿಯೊ ರಿಕಾರ್ದೊ. ದಕ್ಷಿಣ ಅಮೆರಿಕ ಖಂಡದಲ್ಲಿ ಅಚ್ಚಾದ ಮೊದಲ ಪುಸ್ತಕವೆಂಬ ಕೀರ್ತಿ ಈ ಜ್ಞಾನೋಪದೇಶಕ್ಕೆ ಸಲ್ಲುತ್ತದೆ. ಇದಕ್ಕೆ ಆರು ವರ್ಷ ಮೊದಲು, 1578ರಲ್ಲಿ, ನಮ್ಮ ನೆರೆಯ ಕೊಲ್ಲಂನಲ್ಲಿ ಹೆನ್ರಿಕ್ ಹೆನ್ರಿಕಸ್ ಗುರುಗಳ ತಮಿಳು ಜ್ಞಾನೋಪದೇಶ ಅಚ್ಚಾಗಿತ್ತೆಂಬುದನ್ನು ನೆನೆದರೆ, ಭೂಮಂಡಲದ ಎರಡು ಅಂಚುಗಳಲ್ಲಿ ಒಂದೇ ಕಾಲಕ್ಕೆ ಒಂದೇ ಬಗೆಯ ಪ್ರಯತ್ನ ನಡೆದಿತ್ತೆಂದು ತಿಳಿಯುತ್ತದೆ.

ಎರಡು ಬಗೆಯ ‘ನಾವು’

ಭಾಷಾಂತರ ಸುಲಭದ ಕೆಲಸವಾಗಿರಲಿಲ್ಲ. ದೇವರಿಗೆ ಕೆಚುವಾ ಪದವೊಂದನ್ನು ಬಳಸಿದರೆ ಹಳೆಯ ದೇವತೆಗಳೊಡನೆ ಗೊಂದಲವಾದೀತೆಂದು ಹೆದರಿ, ‘ದಿಯೋಸ್’ ಎಂಬ ಸ್ಪ್ಯಾನಿಷ್ ಪದವನ್ನೇ ಇಟ್ಟುಕೊಂಡರು. ಧರ್ಮಸಭೆ, ಶಿಲುಬೆ, ಪವಿತ್ರಾತ್ಮ ಎಂಬ ಮಾತುಗಳಿಗೂ ಹಾಗೆಯೇ ಮಾಡಿದರು. ಪಾಪ ಎಂಬುದಕ್ಕೆ ‘ಹೂಚಾ’ ಎಂಬ ದೇಶೀ ಪದವನ್ನೂ, ಸೈತಾನನಿಗೆ ‘ಸುಪಾಯ್’ ಎಂಬುದನ್ನೂ ಆರಿಸಿಕೊಂಡರು. ಸುಪಾಯ್ ಎಂದರೆ ಮೊದಲು ಕೇವಲ ಕೆಡುಕಿನ ಶಕ್ತಿಯಾಗಿರಲಿಲ್ಲ. ಗುರುಗಳ ಬಾಯಲ್ಲಿ ಅದಕ್ಕೆ ಹೊಸ ಅರ್ಥ ಬಂದಿತು.

ಆದರೆ ಎಲ್ಲಕ್ಕಿಂತ ಸೂಕ್ಷ್ಮವಾದ ಸಮಸ್ಯೆ ‘ನಾವು’ ಎಂಬ ಸಣ್ಣ ಮಾತಿನಲ್ಲಿತ್ತು. ಕೆಚುವಾದಲ್ಲಿ ಎರಡು ಬಗೆಯ ‘ನಾವು’ ಇವೆ. ಕೇಳುತ್ತಿರುವವನನ್ನೂ ಸೇರಿಸಿಕೊಂಡರೆ ‘ನ್ಯೊಕಾಂಚಿಕ್’. ಕೇಳುವವನನ್ನು ಹೊರಗಿಟ್ಟು ನಾವಷ್ಟೇ ಎಂದರೆ ‘ನ್ಯೊಕೈಕು’. ಇಂದಿನ ಕನ್ನಡದಲ್ಲಿ ಈ ಭೇದ ಇಲ್ಲ. ಆದರೆ ತಮಿಳರ ‘ನಾಮ್’ ಮತ್ತು ‘ನಾಂಗಳ್’, ತೆಲುಗರ ‘ಮನಮು’ ಮತ್ತು ‘ಮೇಮು’ ಬಲ್ಲ ನಮ್ಮ ವಾಚಕರಿಗೆ ಇದು ಕೂಡಲೇ ಅರ್ಥವಾದೀತು. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ ‘ನಮ್ಮ ತಂದೆಯೇ’ ಎಂಬುದಕ್ಕೆ ‘ಯಾಯಾಯ್ಕು’ ಎಂದು ಭಾಷಾಂತರಿಸಿದರು. ಮಾತು ಕೇಳುವವನು ದೇವರಾದ್ದರಿಂದ, ಆತನನ್ನು ಬಿಟ್ಟು ಮಕ್ಕಳಾದ ನಾವೆಲ್ಲ ಎಂಬ ‘ನಾವು’ ಅಲ್ಲಿ ಸರಿಯಾದುದು. ವ್ಯಾಕರಣವೂ ದೈವಶಾಸ್ತ್ರವೂ ಅಲ್ಲಿ ಒಂದಾದವು.

ಪ್ರಬೋಧನಾ ಪೀಠದಲ್ಲಿ ನಿಂತ ಗುರುವಿಗೆ ಮಾತ್ರ ಕ್ಲೇಶ ತಪ್ಪಲಿಲ್ಲ. ‘ನಾವು ಪಾಪಿಗಳು’ ಎನ್ನುವಾಗ, ‘ನಮ್ಮನ್ನು ದೇವರು ರಕ್ಷಿಸಿದನು’ ಎನ್ನುವಾಗ, ‘ನಮ್ಮ ಪೂರ್ವಜರು’ ಎನ್ನುವಾಗ, ಎದುರಿಗೆ ನೆಲದ ಮೇಲೆ ಕುಳಿತವರು ಆ ‘ನಾವು’ ಎಂಬುದರೊಳಗೆ ಇದ್ದಾರೆಯೋ ಇಲ್ಲವೋ ಎಂಬುದನ್ನು ಅವನು ಪ್ರತಿ ವಾಕ್ಯದಲ್ಲಿಯೂ ನಿರ್ಧರಿಸಬೇಕಾಗಿತ್ತು. ಕನ್ನಡದಲ್ಲಾಗಲಿ ಸ್ಪ್ಯಾನಿಷಿನಲ್ಲಾಗಲಿ ಮರೆಮಾಚಿ ಆಡಬಹುದಾದ ಮಾತನ್ನು ಕೆಚುವಾದಲ್ಲಿ ಹಾಗೆ ಆಡಲು ಬರುವುದಿಲ್ಲ. ಆ ಬೆಟ್ಟಗಳಲ್ಲಿ ಧರ್ಮಸಭೆಯ ನಾಲ್ಕೂವರೆ ಶತಮಾನಗಳ ಚರಿತ್ರೆಯನ್ನು ಓದಿದಾಗ ನಮಗೆ ತೋರುವುದೇನೆಂದರೆ, ಅಲ್ಲಿಯ ಮುಖ್ಯ ಪ್ರಶ್ನೆ ಇದೇ ಆಗಿತ್ತು: ಧರ್ಮಸಭೆ ‘ನಾವು’ ಎಂದಾಗ ಕೆಚುವಾ ಜನರು ಅದರೊಳಗಿದ್ದರೇ?

ಬೆಟ್ಟದ ಧರ್ಮಕೇಂದ್ರದಲ್ಲಿ ಒಂದು ತಿಂಗಳು

ಆ ಕಾಲದ ಬೆಟ್ಟದ ಧರ್ಮಕೇಂದ್ರವೊಂದರಲ್ಲಿ ಒಂದು ತಿಂಗಳ ದುಡಿಮೆ ಹೇಗಿರುತ್ತಿತ್ತೆಂಬುದನ್ನು ಸಮ್ಮೇಳನಗಳ ವಿಧಿಗಳಿಂದಲೂ ಅಂದಿನವರ ಬರಹಗಳಿಂದಲೂ ತಿಳಿಯಬಹುದು. ಗುರುವು ಮುಖ್ಯ ಗ್ರಾಮವೊಂದರಲ್ಲಿ ನೆಲೆಸಿ, ಬೇರೆ ಬೇರೆ ಎತ್ತರಗಳಲ್ಲಿ ಹರಡಿದ ಉಪಗ್ರಾಮಗಳಿಗೆ ಹೇಸರಗತ್ತೆಯ ಮೇಲೆ ಸರದಿಯಂತೆ ಹೋಗಬೇಕಾಗಿತ್ತು. ಭಾನುವಾರ ಬಲಿಪೂಜೆ ಮತ್ತು ಪ್ರಬೋಧನೆ. ಬುಧವಾರ ಮತ್ತು ಶುಕ್ರವಾರ ಹಿರಿಯರಿಗೆ ಜ್ಞಾನೋಪದೇಶ. ಮಕ್ಕಳಿಗೆ ಪ್ರತಿದಿನವೂ ಪಾಠ. ಜನರನ್ನು ಒಟ್ಟುಗೂಡಿಸಲು, ಗುರುವಿಲ್ಲದ ದಿನ ಪ್ರಾರ್ಥನೆ ಹೇಳಿಕೊಡಲು ಊರಿನವನೇ ಆದ ಒಬ್ಬ ಸಹಾಯಕನಿರುತ್ತಿದ್ದನು. ಗುರುವಿನ ಮುಖ ಅಪರೂಪವಾಗಿದ್ದ ಊರುಗಳಲ್ಲಿ ವಿಶ್ವಾಸವನ್ನು ಉಳಿಸಿದವರು ಬಹುಮಟ್ಟಿಗೆ ಈ ಸಹಾಯಕರು.

ಓದುಬರಹವಿಲ್ಲದ ಹಿರಿಯರು ಪ್ರಾರ್ಥನೆಗಳನ್ನು ಕಲಿತ ರೀತಿಯನ್ನು ಅಕೊಸ್ತಾ ಗುರುಗಳು 1590ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬೆರಗಿನಿಂದ ವರ್ಣಿಸಿದ್ದಾರೆ. ವೃದ್ಧರು ಚಿಕ್ಕ ಕಲ್ಲುಗಳನ್ನು ಚಕ್ರಾಕಾರವಾಗಿ ಜೋಡಿಸಿಟ್ಟುಕೊಂಡು, ಒಂದೊಂದು ಕಲ್ಲಿಗೆ ಒಂದೊಂದು ಮಾತಿನಂತೆ ಪರಲೋಕ ಮಂತ್ರವನ್ನು ಕಲಿಯುತ್ತಿದ್ದರು. ನಮೋ ಮರಿಯ ಪ್ರಾರ್ಥನೆಗೆ ಮತ್ತೊಂದು ಚಕ್ರ, ವಿಶ್ವಾಸ ಸಂಗ್ರಹಕ್ಕೆ ಇನ್ನೊಂದು. ತಪ್ಪಿದಾಗ ಕಲ್ಲುಗಳನ್ನು ನೋಡಿ ತಿದ್ದಿಕೊಳ್ಳುತ್ತಿದ್ದರು. ಇಂಕಾ ಆಳ್ವಿಕೆಯಲ್ಲಿ ಲೆಕ್ಕಪತ್ರಗಳಿಗೆ ಬಳಸುತ್ತಿದ್ದ ಬಣ್ಣಬಣ್ಣದ ಗಂಟುದಾರಗಳಿಗೆ ‘ಕೀಪು’ ಎಂದು ಹೆಸರು. ಒಬ್ಬ ಹೆಂಗಸು ಅಂತಹ ದಾರಗಳ ಹಿಡಿಯೊಂದನ್ನು ತಂದು, ತನ್ನ ಇಡೀ ಜೀವಮಾನದ ಪಾಪನಿವೇದನೆಯನ್ನು ಗಂಟುಗಂಟಾಗಿ ಓದಿ ಹೇಳಿದ್ದನ್ನು ಅವರು ಕಂಡರು. ಹೊಸ ವಿಶ್ವಾಸವನ್ನು ಜನರು ತಮ್ಮ ಹಳೆಯ ಸಾಧನಗಳಿಂದಲೇ ತಮ್ಮದನ್ನಾಗಿ ಮಾಡಿಕೊಳ್ಳುತ್ತಿದ್ದರು. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ತೊರಿಬಿಯೊ ಅವರು ಮಹಾಧರ್ಮಾಧ್ಯಕ್ಷರಾಗಿದ್ದ ಸುಮಾರು 25 ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲವನ್ನು ಲಿಮಾದ ಅರಮನೆಯಲ್ಲಿ ಕಳೆಯದೆ ಇಂತಹ ಊರುಗಳಲ್ಲಿ ಕಳೆದರು. ಪ್ರಪಾತಗಳ ಅಂಚಿನ ಕಾಲುದಾರಿಗಳಲ್ಲಿ ನಡೆದು, ಹಗ್ಗದ ಸೇತುವೆಗಳನ್ನು ದಾಟಿ, ಕೆಚುವಾದಲ್ಲಿಯೇ ಬೋಧಿಸುತ್ತಿದ್ದರು. ಲಿಮಾದ ಸಂತ ರೋಸಾಳಿಗೆ 1597ರಲ್ಲಿ ಕೀವೆಸ್ ಎಂಬ ಬೆಟ್ಟದ ಊರಿನಲ್ಲಿ ದೃಢೀಕರಣ ಸಂಸ್ಕಾರ ನೀಡಿದವರೂ ಇವರೇ. ನಾಲ್ಕನೆಯ ಸುತ್ತಿನ ಸಂದರ್ಶನದಲ್ಲಿದ್ದಾಗಲೇ, 1606ರ ಮಾರ್ಚ್ 23ರ ಪವಿತ್ರ ಗುರುವಾರದಂದು, ಉತ್ತರದ ಸಾನ್ಯಾ ಎಂಬ ಪಟ್ಟಣದಲ್ಲಿ ಪ್ರಾಣಬಿಟ್ಟರು. 1726ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ಹೊರಗಿಟ್ಟ ಬಾಗಿಲು

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಾವು ಚರಿತ್ರೆಗೆ ಅಪಚಾರ ಮಾಡಿದಂತಾದೀತು. ಇದೇ ಕಾಲದಲ್ಲಿ, 1570ರ ದಶಕದಲ್ಲಿ, ರಾಜಪ್ರತಿನಿಧಿ ಫ್ರಾನ್ಸಿಸ್ಕೊ ದೆ ತೊಲೆದೊ ಚದುರಿ ಬಾಳುತ್ತಿದ್ದ ಬೆಟ್ಟದ ಜನರನ್ನು ಚೌಕಾಕಾರದ ಹೊಸ ಊರುಗಳಿಗೆ ಬಲವಂತವಾಗಿ ಸಾಗಿಸಿದನು. ಧರ್ಮಬೋಧನೆಗೆ ಅನುಕೂಲವೆಂಬುದು ಕೊಟ್ಟ ಕಾರಣಗಳಲ್ಲೊಂದು. ತೆರಿಗೆಗೂ ಬಿಟ್ಟಿದುಡಿಮೆಗೂ ಅದು ಅನುಕೂಲವಾಯಿತು. ಗೊತ್ತುಪಡಿಸಿದ ಪ್ರಾಂತಗಳಿಂದ ಪ್ರತಿ ವರ್ಷ ಏಳರಲ್ಲೊಂದು ಪಾಲು ಗಂಡಸರು, ಸುಮಾರು 13,500 ಮಂದಿ, ಪೊತೊಸಿಯ ಗಣಿಗೆ ಹೋಗಬೇಕಾಗಿತ್ತು. ಹಳೆಯ ಹೊಲಗಳೂ ಪೂರ್ವಜರ ಗುಹೆಗಳೂ ದೂರ ಉಳಿದವು. ದೇವಾಲಯದ ಅಂಗಳದಲ್ಲಿ ಹೂತ ಹೆಣಗಳನ್ನು ಬಂಧುಗಳು ರಾತ್ರಿ ಅಗೆದು ಗುಹೆಗಳಿಗೆ ಒಯ್ಯುತ್ತಿದ್ದರೆಂದು ಗುರುಗಳೇ ಬರೆದಿದ್ದಾರೆ. ಮಣ್ಣಿನ ಭಾರದ ಕೆಳಗೆ ಸತ್ತವರಿಗೆ ಉಸಿರು ಕಟ್ಟುತ್ತದೆಂಬುದು ಆ ಜನರ ಅಳಲಾಗಿತ್ತು.

ವಿಗ್ರಹಗಳನ್ನು ಪೀಠದಿಂದ ಕೀಳುವುದಕ್ಕೆ ಮೊದಲು ಹೃದಯದಿಂದ ಕೀಳಬೇಕೆಂದು ಅಕೊಸ್ತಾ ವಾದಿಸಿದ್ದರೂ ಎಲ್ಲರೂ ಅದನ್ನು ಒಪ್ಪಲಿಲ್ಲ. ವರೋಚಿರಿ ಪ್ರಾಂತದ ಗುರು ಫ್ರಾನ್ಸಿಸ್ಕೊ ದೆ ಆವಿಲಾ ಕೆಚುವಾದಲ್ಲಿ ಪಂಡಿತನು. 1607ರಲ್ಲಿ ಅವನ ಮೇಲೆ ಅವನ ಧರ್ಮಕೇಂದ್ರದ ಜನರೇ ದೂರು ಕೊಟ್ಟು ಮೊಕದ್ದಮೆ ಹೂಡಿದರು. ಅನಂತರ ಅವನು ಅವರ ಗುಪ್ತ ಪೂಜೆಗಳನ್ನು ಬಯಲಿಗೆಳೆಯತೊಡಗಿ, 1609ರ ಡಿಸೆಂಬರ್ 20ರಂದು ಲಿಮಾದ ಚೌಕದಲ್ಲಿ ಅವರ ದೈವಗಳ ಕುರುಹುಗಳನ್ನೂ ಪೂರ್ವಜರ ಒಣಗಿಸಿದ ದೇಹಗಳನ್ನೂ ಸುಡಿಸಿದನು. ಅವನ ಕಾರ್ಯಕ್ಕೆ ಸಂಬಂಧಪಟ್ಟಂತೆ ಊರಿನವರೇ ಕೆಚುವಾದಲ್ಲಿ ಬರೆದ ಹಸ್ತಪ್ರತಿಯೊಂದು ಉಳಿದುಬಂದಿದೆ. ಬೆಟ್ಟದ ಜನರ ಪುರಾತನ ನಂಬಿಕೆಗಳನ್ನು ಅವರದೇ ಮಾತಿನಲ್ಲಿ ತಿಳಿಸುವ ಅತಿ ಮುಖ್ಯ ಆಧಾರ ಇಂದು ಅದೇ ಆಗಿದೆ. ಭಾಷೆಯನ್ನು ಬಲ್ಲವರೆಲ್ಲರೂ ಜನರನ್ನು ಪ್ರೀತಿಸುತ್ತಾರೆಂದು ಹೇಳಲಾಗದೆಂಬುದಕ್ಕೆ ಸಾಂತೊ ತೊಮಾಸರ ಪಕ್ಕದಲ್ಲಿ ಆವಿಲಾನ ಹೆಸರನ್ನಿಟ್ಟು ನೋಡಬೇಕು.

ಇನ್ನೊಂದು ಬಾಗಿಲೂ ಮುಚ್ಚಿತ್ತು. 1567–68ರ ಲಿಮಾದ ಎರಡನೆಯ ಸಮ್ಮೇಳನ ದೇಶೀಯರಿಗೆ ಗುರುಪಟ್ಟ ಕೊಡಬಾರದೆಂದು ವಿಧಿಸಿತ್ತು. ಮೂರನೆಯ ಸಮ್ಮೇಳನದ ಅನಂತರವೂ ವಾಸ್ತವದಲ್ಲಿ ಸ್ಥಿತಿ ಬದಲಾಗಲಿಲ್ಲ. ದೇಶೀ ಮುಖಂಡರ ವಂಶದವರಿಗೆ ಈ ಬಾಗಿಲು ತೆರೆಯಬೇಕೆಂಬ ರಾಜಾಜ್ಞೆ ಬಂದದ್ದು 1697ರಲ್ಲಿ. ಅವರ ಭಾಷೆ ಪ್ರಬೋಧನಾ ಪೀಠವನ್ನೇರಿತು. ಅವರ ಮಕ್ಕಳು ಬಲಿಪೀಠವನ್ನೇರಲಿಲ್ಲ. ಕೆಚುವಾ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಗುರುಗಳ ‘ನಾವು’ ಬಹುಕಾಲ ‘ನ್ಯೊಕೈಕು’ ಆಗಿಯೇ ಉಳಿಯಿತು.

ಒಳಗಿನಿಂದ ಎದ್ದ ದನಿ

ಇದನ್ನು ಸಹಿಸದೆ ಬರೆದವರಲ್ಲಿ ಫೆಲಿಪೆ ಗುವಾಮನ್ ಪೋಮಾ ಎಂಬ ದೇಶೀ ಕ್ರೈಸ್ತನು ಸ್ಮರಣೀಯನು. ಇಂದಿನ ಆಯಾಕುಚೊ ಸೀಮೆಯವನಾದ ಇವನು 1615ರ ಸುಮಾರಿಗೆ ಸ್ಪೇನಿನ ದೊರೆ ಮೂರನೆಯ ಫಿಲಿಪನಿಗೆ ಸುಮಾರು 1,200 ಪುಟಗಳ ಗ್ರಂಥವೊಂದನ್ನು ಬರೆದನು. ಅದರಲ್ಲಿ ಅವನೇ ಬರೆದ 398 ರೇಖಾಚಿತ್ರಗಳಿವೆ. ಹೆಂಗಸರನ್ನು ಹೊಡೆದು ನೇಯಿಸುವ ಗುರುವನ್ನೂ, ಬಡವರ ಗಳಿಕೆಯನ್ನು ಕಸಿಯುವ ಅಧಿಕಾರಿಯನ್ನೂ ಅವನು ಹೆಸರಿಟ್ಟು ತೋರಿಸಿದನು. ಒಳ್ಳೆಯ ಗುರುಗಳನ್ನು ಮನಸಾರೆ ಹೊಗಳಿದನು. ಅವನು ಕ್ರಿಸ್ತನನ್ನು ಬಿಟ್ಟು ಮಾತನಾಡಲಿಲ್ಲ. ಕ್ರೈಸ್ತರಾಗಿ ಬಂದವರು ಕ್ರಿಸ್ತನ ಮಾತಿನಂತೆ ನಡೆಯಬೇಕೆಂದು ಕೇಳಿದನು. ದೊರೆ ಅದನ್ನು ಓದಿದನೆಂಬುದಕ್ಕೆ ಯಾವ ಕುರುಹೂ ಇಲ್ಲ. 1908ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಗ್ರಂಥಾಲಯದಲ್ಲಿ ಅದು ವಿದ್ವಾಂಸರ ಕಣ್ಣಿಗೆ ಬಿದ್ದಿತು. 1936ರಲ್ಲಿ ಪ್ಯಾರಿಸಿನಲ್ಲಿ ಅಚ್ಚಾಯಿತು. ಒಬ್ಬ ವಿಶ್ವಾಸಿಯ ದೂರು ಲೋಕಕ್ಕೆ ಕೇಳಿಸಲು ಮುನ್ನೂರು ವರ್ಷಗಳಿಗೂ ಹೆಚ್ಚು ಬೇಕಾಯಿತು.

ಬೆಳಕಿನ ಪುಟಗಳೂ ಇವೆ. ಕುಸ್ಕೊ ಸಮೀಪದ ಆಂದಾವೈಲಿಯಾಸ್ ಗ್ರಾಮದ ಗುರುಗಳಾಗಿದ್ದ ಹುವಾನ್ ಪೆರೆಸ್ ಬೊಕಾನೆಗ್ರಾ 1631ರಲ್ಲಿ ಲಿಮಾದಲ್ಲಿ ಪ್ರಕಟಿಸಿದ ಸಂಸ್ಕಾರವಿಧಿಗಳ ಗ್ರಂಥದಲ್ಲಿ, ದೇವಮಾತೆಯನ್ನು ಕುರಿತ ಕೆಚುವಾ ಗೀತೆಯೊಂದನ್ನು ನಾಲ್ಕು ಸ್ವರಗಳ ಸಂಗೀತ ಸಮೇತ ಅಚ್ಚು ಮಾಡಿಸಿದರು. ಅಮೆರಿಕ ಖಂಡಗಳಲ್ಲಿ ಅಚ್ಚಾದ ಮೊದಲ ಬಹುಸ್ವರ ಗಾಯನ ಕೃತಿ ಇದೆಂದು ಸಂಗೀತ ಚರಿತ್ರಕಾರರು ಹೇಳುತ್ತಾರೆ. ಅದೇ ಗ್ರಾಮದ ದೇವಾಲಯದಲ್ಲಿ ಜ್ಞಾನಸ್ನಾನದ ಕೋಣೆಯ ಬಾಗಿಲಿನ ಸುತ್ತ ಜ್ಞಾನಸ್ನಾನದ ಮಾತುಗಳನ್ನು ಲತೀನ್, ಸ್ಪ್ಯಾನಿಷ್, ಕೆಚುವಾ, ಐಮಾರಾ, ಪುಕೀನಾ ಎಂಬ ಐದು ಭಾಷೆಗಳಲ್ಲಿ ಬರೆದಿದೆ. ಇವುಗಳಲ್ಲಿ ಪುಕೀನಾ ಇಂದು ಯಾರ ಬಾಯಲ್ಲಿಯೂ ಇಲ್ಲ. ಆದರೆ ಆ ಗೋಡೆಯ ಮೇಲೆ ಉಳಿದಿದೆ.

ಕುಸ್ಕೊ ನಗರದ ಪರಮಪ್ರಸಾದದ ಮಹೋತ್ಸವವೂ ಹೀಗೆಯೇ ಜನರ ಸ್ವತ್ತಾಯಿತು. ಮೇ–ಜೂನ್ ತಿಂಗಳುಗಳಲ್ಲಿ ಬರುವ ಈ ಹಬ್ಬ ಇಂಕಾ ಕಾಲದ ಸೂರ್ಯೋತ್ಸವದ ಋತುವಿನಲ್ಲಿಯೇ ಬೀಳುತ್ತದೆ. ನಗರದ ಹಾಗೂ ಸುತ್ತಲಿನ ಧರ್ಮಕೇಂದ್ರಗಳಿಂದ 15 ಸಂತರ ಹಾಗೂ ದೇವಮಾತೆಯ ಪ್ರತಿಮೆಗಳನ್ನು ಜನರು ಹೆಗಲ ಮೇಲೆ ಹೊತ್ತು ಪ್ರಧಾನ ದೇವಾಲಯಕ್ಕೆ ತರುತ್ತಾರೆ. ಹದಿನೇಳನೆಯ ಶತಮಾನದ ಚಿತ್ರಗಳಲ್ಲಿ ಕಾಣುವ ಈ ಮೆರವಣಿಗೆ ಇಂದಿಗೂ ನಡೆಯುತ್ತಿದೆ.

ಮೌನ ಮತ್ತು ಮರುನುಡಿ

ಹದಿನೆಂಟನೆಯ ಶತಮಾನದಲ್ಲಿ ಗಾಳಿ ತಿರುಗಿತು. 1770ರಲ್ಲಿ ದೊರೆ ಮೂರನೆಯ ಚಾರ್ಲ್ಸ್ ತನ್ನ ಅಮೆರಿಕದ ರಾಜ್ಯಗಳಲ್ಲಿ ಸ್ಪ್ಯಾನಿಷ್ ಮಾತ್ರ ಉಳಿಯಬೇಕೆಂದು ಆಜ್ಞಾಪಿಸಿದನು. ಎರಡನೆಯ ತುಪಾಕ್ ಅಮಾರುವಿನ ಬಂಡಾಯವನ್ನು ಅಡಗಿಸಿ 1781ರ ಮೇ ತಿಂಗಳಲ್ಲಿ ಅವನಿಗೆ ಮರಣದಂಡನೆ ವಿಧಿಸಿದಾಗ, ಅದೇ ತೀರ್ಪಿನಲ್ಲಿ ಇಂಕಾ ಉಡುಪು, ನಾಟಕಗಳನ್ನು ನಿಷೇಧಿಸಿ, ಜನರು ತಮ್ಮ ಭಾಷೆಯನ್ನು ತೊರೆಯಬೇಕೆಂದೂ ವಿಧಿಸಲಾಯಿತು. ಸ್ವಾತಂತ್ರ್ಯಾನಂತರದ ಗಣರಾಜ್ಯಗಳು ಸಹ ಬಹುಕಾಲ ಆ ಭಾಷೆಗೆ ಗೌರವ ಕೊಡಲಿಲ್ಲ. ಪೆರು ಅದನ್ನು ಅಧಿಕೃತ ಭಾಷೆಯೆಂದು ಘೋಷಿಸಿದ್ದು 1975ರಲ್ಲಿ. ಆದರೂ ಮನೆಯ ಒಲೆಯ ಬಳಿ, ಹೊಲದಲ್ಲಿ, ಸಂತರ ಹಬ್ಬಗಳಲ್ಲಿ, ಸತ್ತವರಿಗಾಗಿ ಹೇಳುವ ಪ್ರಾರ್ಥನೆಗಳಲ್ಲಿ ಕೆಚುವಾ ಅಳಿಯಲಿಲ್ಲ.

ದ್ವಿತೀಯ ವ್ಯಾಟಿಕನ್ ಮಹಾಸಭೆ (1962–65) ಜನಭಾಷೆಗೆ ಬಲಿಪೂಜೆಯ ಬಾಗಿಲನ್ನು ತೆರೆದ ಮೇಲೆ ಈ ಬೆಟ್ಟಗಳಲ್ಲಿ ಹೊಸ ಅಧ್ಯಾಯ ಆರಂಭವಾಯಿತು. ಕುಸ್ಕೊ ಸೀಮೆಯಲ್ಲಿ ಧರ್ಮಸಭೆಯವರೇ ಸ್ಥಾಪಿಸಿದ ಅಧ್ಯಯನ ಸಂಸ್ಥೆ ಬೆಟ್ಟದ ಜನರ ಬದುಕನ್ನೂ ನಂಬಿಕೆಯನ್ನೂ ಶ್ರದ್ಧೆಯಿಂದ ಆಲಿಸತೊಡಗಿತು. 1969ರಲ್ಲಿ ಆರಂಭವಾದ ಅದರ ಪತ್ರಿಕೆಯ ಹೆಸರು ‘ಅಲ್ಪಾಂಚಿಸ್’. ‘ನಮ್ಮ ನೆಲ’ ಎಂದು ಅದರ ಅರ್ಥ. ಅಲ್ಲಿರುವ ‘ನಮ್ಮ’ ಎಲ್ಲರನ್ನೂ ಒಳಗೊಳ್ಳುವ ‘ನಮ್ಮ’.

ಇಕ್ವೆಡಾರಿನ ರಿಯೊಬಾಂಬಾ ಧರ್ಮಪ್ರಾಂತ್ಯದಲ್ಲಿ 1954ರಿಂದ 1985ರವರೆಗೆ ಧರ್ಮಾಧ್ಯಕ್ಷರಾಗಿದ್ದ ಲೆಯೊನಿದಾಸ್ ಪ್ರೊಯಾನ್ಯೊ ಅವರ ಹೆಸರನ್ನು ಇಲ್ಲಿ ಗೌರವದಿಂದ ನೆನೆಯಬೇಕು. ಚಿಂಬೊರಾಸೊ ಶಿಖರದ ತಪ್ಪಲಿನ ಕೆಚುವಾ ಜನರು ಜಮೀನ್ದಾರರ ಆಳುಗಳಾಗಿ ಬದುಕುತ್ತಿದ್ದರು, ಬಹುಮಂದಿಗೆ ಓದುಬರಹವಿರಲಿಲ್ಲ. ಪ್ರೊಯಾನ್ಯೊ ಮೊದಲು ಧರ್ಮಪ್ರಾಂತ್ಯದ ಒಡೆತನದಲ್ಲಿದ್ದ ಜಮೀನುಗಳನ್ನೇ ಉಳುವವರಿಗೆ ಬಿಟ್ಟುಕೊಟ್ಟರು. 1962ರಲ್ಲಿ ರೇಡಿಯೊ ಶಾಲೆಗಳನ್ನು ಆರಂಭಿಸಿ, ಗುಡಿಸಲುಗಳ ಒಳಗೇ ಅಕ್ಷರವನ್ನು ತಲುಪಿಸಿದರು. ಜನರಂತೆಯೇ ಉಣ್ಣೆಯ ಕಂಬಳಿಯಂಗಿ ತೊಟ್ಟು ಅವರ ನಡುವೆ ಕುಳಿತು, ಬೋಧಿಸುವುದಕ್ಕಿಂತ ಹೆಚ್ಚಾಗಿ ಆಲಿಸುತ್ತಿದ್ದರು. ಇದಕ್ಕಾಗಿ ಅವರ ಮೇಲೆ ದೂರುಗಳು ಹೋದವು. 1973ರಲ್ಲಿ ವ್ಯಾಟಿಕನ್ ವಿಚಾರಣೆಗೆಂದು ಸಂದರ್ಶಕರನ್ನು ಕಳುಹಿಸಿತು. 1976ರ ಆಗಸ್ಟ್ ತಿಂಗಳಲ್ಲಿ ಅವರ ಧರ್ಮಪ್ರಾಂತ್ಯದಲ್ಲಿ ಸಭೆ ಸೇರಿದ್ದ ಹಲವು ದೇಶಗಳ ಧರ್ಮಾಧ್ಯಕ್ಷರನ್ನು ಅಂದಿನ ಸೈನಿಕ ಸರ್ಕಾರದ ಪೊಲೀಸರು ಬಂಧಿಸಿ ಒಯ್ದರು. ಪ್ರೊಯಾನ್ಯೊ ಹಿಂಜರಿಯಲಿಲ್ಲ. 1988ರಲ್ಲಿ ಅವರು ನಿಧನರಾದರು. ದೇಶೀಯರ ಧರ್ಮಾಧ್ಯಕ್ಷ ಎಂಬ ಹೆಸರು ಅವರಿಗೆ ಶಾಶ್ವತವಾಗಿ ನಿಂತಿತು.

ವಾಚಕರು ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಇಕ್ವೆಡಾರಿನ ಕೆಚುವಾದಲ್ಲಿ, ನಮ್ಮ ಇಂದಿನ ಕನ್ನಡದಂತೆಯೇ, ಎರಡು ಬಗೆಯ ‘ನಾವು’ ಉಳಿದಿಲ್ಲ. ಹೊರಗಿಡುವ ‘ನಾವು’ ಬಿದ್ದುಹೋಗಿ, ಒಳಗೊಳ್ಳುವ ‘ನಾವು’ ಒಂದೇ ಎರಡು ಕೆಲಸಗಳನ್ನೂ ಮಾಡುತ್ತದೆ. ಭಾಷೆಯಲ್ಲಿ ಆದ ಈ ಬದಲಾವಣೆ ಬಾಳಿನಲ್ಲಿ ಆಗಬೇಕಾದರೆ ಮಾತ್ರ ಒಬ್ಬ ಧರ್ಮಾಧ್ಯಕ್ಷರು ಜಮೀನನ್ನು ಬಿಟ್ಟುಕೊಡಬೇಕಾಯಿತು.

ನಮಗೆ ಉಳಿಯುವ ಪಾಠ

ಸಂತ ತೊರಿಬಿಯೊ ಪ್ರಾಣಬಿಟ್ಟ ಸಾನ್ಯಾ ಪಟ್ಟಣ ಇಂದು ಪೆರುವಿನ ಚಿಕ್ಲಾಯೊ ಧರ್ಮಪ್ರಾಂತ್ಯದಲ್ಲಿದೆ. ಆ ಧರ್ಮಪ್ರಾಂತ್ಯದ ಮೇಲುಬೆಟ್ಟಗಳಾದ ಇಂಕಾವಾಸಿ, ಕನ್ಯಾರಿಸ್ ಎಂಬಲ್ಲಿ ಈಗಲೂ ಕೆಚುವಾ ಆಡುವ ಜನರಿದ್ದಾರೆ. 2015ರಿಂದ 2023ರವರೆಗೆ ಅಲ್ಲಿಯ ಧರ್ಮಾಧ್ಯಕ್ಷರಾಗಿದ್ದ ರಾಬರ್ಟ್ ಪ್ರಿವೋಸ್ಟ್ ಅವರೇ 2025ರ ಮೇ 8ರಂದು ಹದಿನಾಲ್ಕನೆಯ ಲಿಯೊ ಎಂಬ ಹೆಸರಿನಿಂದ ಜಗದ್ಗುರುಗಳಾಗಿ ಆಯ್ಕೆಯಾದರು. ಒಂದು ಕಾಲದಲ್ಲಿ ಲೋಕದ ಅಂಚೆನಿಸಿದ್ದ ಬೆಟ್ಟಗಳ ಅನುಭವ ಹೀಗೆ ಧರ್ಮಸಭೆಯ ನಡುಮನೆಯನ್ನು ತಲುಪಿದೆ.

ಕನ್ನಡ ನಾಡಿನಲ್ಲಿಯೂ ಹದಿನೇಳನೆಯ ಶತಮಾನದ ನಡುವಿನಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಗುರುಗಳು ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು, ಮೈಸೂರು ಮಿಷನ್ನಿಗೆ ಅಡಿಗಲ್ಲಿಟ್ಟರು. ನಮ್ಮ ಚರಿತ್ರೆ ಕೆಚುವಾ ಜನರದಕ್ಕಿಂತ ಬೇರೆ. ಅವರು ಕಂಡ ಸಂಕಟಗಳನ್ನೆಲ್ಲ ನಾವು ಕಾಣಲಿಲ್ಲ. ಆದರೆ ಅವರ ಚರಿತ್ರೆ ಕೇಳುವ ಪ್ರಶ್ನೆಯಿಂದ ಯಾವ ಧರ್ಮಕೇಂದ್ರವೂ ತಪ್ಪಿಸಿಕೊಳ್ಳಲಾರದು. ಜನರ ಭಾಷೆಯಲ್ಲಿ ಪ್ರಾರ್ಥಿಸುವುದು ಮೊದಲ ಹೆಜ್ಜೆ. ಆ ಭಾಷೆಯಲ್ಲಿ ಅವರು ಹೇಳುವುದನ್ನು ಕೇಳುವುದು, ಅವರ ಮಕ್ಕಳಿಗೆ ಬಲಿಪೀಠದಲ್ಲಿ ಸ್ಥಾನ ಕೊಡುವುದು, ಅವರ ಅನ್ನ ಮತ್ತು ನೆಲದ ಪ್ರಶ್ನೆಯನ್ನು ತನ್ನದೆಂದು ಬಗೆಯುವುದು ಅನಂತರದ ಹೆಜ್ಜೆಗಳು. ಮೊದಲನೆಯದನ್ನು ಧರ್ಮಸಭೆ ಆ ಬೆಟ್ಟಗಳಲ್ಲಿ 1584ರಲ್ಲಿ ಇಟ್ಟಿತು. ಉಳಿದವುಗಳಿಗೆ ಬಹಳ ಕಾಲ ಹಿಡಿಯಿತು, ಇನ್ನೂ ಪೂರ್ಣಗೊಂಡಿಲ್ಲ.

ಕನ್ನಡದ ‘ನಾವು’ ಎಂಬ ಮಾತು ಯಾರನ್ನು ಒಳಗಿಟ್ಟಿದೆ, ಯಾರನ್ನು ಹೊರಗಿಟ್ಟಿದೆ ಎಂಬುದನ್ನು ತಾನಾಗಿ ಹೇಳುವುದಿಲ್ಲ. ಅದನ್ನು ಆಡುವವರ ನಡತೆಯೇ ಹೇಳಬೇಕು. ದೇವಾಲಯದ ಕೊನೆಯ ಸಾಲಿನಲ್ಲಿ ನಿಂತವರು, ಹೊಸದಾಗಿ ಊರಿಗೆ ಬಂದ ಕೂಲಿಯವರು, ಬೇರೆ ನುಡಿಯಾಡುವ ನೆರೆಯವರು ನಮ್ಮ ‘ನಾವು’ ಎಂಬುದರೊಳಗೆ ತಾವೂ ಇದ್ದೇವೆಂದು ಹೇಳುವಂತಾಗಲಿ. ಮುಂದಿನ ನೂರು ವರ್ಷಗಳ ಚರಿತ್ರೆಯನ್ನು ಬರೆಯುವವರಿಗೆ ಅದನ್ನು ಬರೆಯುವ ಭಾಗ್ಯ ದೊರೆಯಲಿ ಎಂದು ನಾವು ಪ್ರಾರ್ಥಿಸುತ್ತೇವೆ.